ಇನ್ಸುಲಿನ್ ರೋಗಿಗಳ ಬಗ್ಗೆ ನರ್ಸಿಂಗ್ ಸಂಶೋಧನೆ: ಓಪಿಡಿ ಬೆಂಚಿನಿಂದ ವೈವಾವರೆಗೆ, ಹಂತ ಹಂತವಾಗಿ

ಸಿನಾಪ್ಸಿಸ್ (ಸಂಶೋಧನೆಯ ಪ್ರಸ್ತಾವ) ಕೊಡೋಕೆ ಒಂದು ವಾರ ಇರುವಾಗ ಟೈಟಲ್ ಹುಡುಕೋದು, ಹಳೇ ಥೀಸಿಸ್ಸಿನಲ್ಲಿ ಊರಿನ ಹೆಸರು ತೆಗೆದು ಹಾಸನ ಅಂತ ಹಾಕೋದು, ಮೂವತ್ತು ಪ್ರಶ್ನೆಯ ಒಂದು ನಾಲೆಡ್ಜ್ ಪೇಪರ್ ಮಾಡೋದು, ರೋಗಿಗಳಿಗೆ ಪಾಠ ಹೇಳಿ ಅದೇ ಪೇಪರನ್ನು ಮತ್ತೆ ಕೊಡೋದು. ಕೊನೆಗೆ "ಬೋಧನೆಯ ನಂತರ ಜ್ಞಾನ ಹೆಚ್ಚಾಗಿದೆ" ಅಂತ ಬರೆಯೋದು. ಹೆಚ್ಚಾಗದೆ ಇನ್ನೇನಾಗುತ್ತೆ? ಉತ್ತರ ಹೇಳಿಕೊಟ್ಟು ಪ್ರಶ್ನೆ ಕೇಳಿದ್ದೀರಿ, ಅಷ್ಟೇ. ವೈವಾದಲ್ಲಿ ಪರೀಕ್ಷಕರು "ಇದರಿಂದ ರೋಗಿಯ ಕೈ ಬದಲಾಯಿತಾ?" ಅಂತ ಕೇಳಿದಾಗ ಬಾಯಿ ಕಟ್ಟುತ್ತೆ.

ಬಿ.ಎಸ್ಸಿ., ಎಂ.ಎಸ್ಸಿ. ನರ್ಸಿಂಗ್ ಮಾಡುತ್ತಾ ಸಕ್ಕರೆ ಕಾಯಿಲೆಯ ವಿಷಯ ಹಿಡಿದವರು ಎಡವೋದು ಬುದ್ಧಿ ಕಡಿಮೆ ಅಂತಲ್ಲ, ಕೆಲಸದ ಕ್ರಮ ತಲೆಕೆಳಗಾಗಿರುತ್ತೆ ಅಂತ. ಟೈಟಲ್ ಮೊದಲು, ರೋಗಿ ಕೊನೆಗೆ. ಅದನ್ನು ತಿರುಗಿಸಿ. ಕೆಳಗೆ ಒಂದೇ ಉದಾಹರಣೆಯನ್ನು ಕೊನೆವರೆಗೂ ಹಿಡಿದುಕೊಂಡು ಹೋಗಿದ್ದೇನೆ: ಮನೆಯಲ್ಲೇ ಇನ್ಸುಲಿನ್ ಚುಚ್ಚಿಕೊಳ್ಳುವವರು ಅದನ್ನು ಹೇಗೆ ಮಾಡುತ್ತಾರೆ, ಒಂದೇ ಕಡೆ ಚುಚ್ಚಿ ಚುಚ್ಚಿ ಅವರ ಚರ್ಮದಲ್ಲಿ ಗಂಟು ಕಟ್ಟಿದೆಯಾ. ನಿಮ್ಮದು ಪಾದದ ಆರೈಕೆಯೋ ಥೈರಾಯ್ಡ್ ಮಾತ್ರೆಯೋ ಆಗಿದ್ದರೂ ಹಂತಗಳು ಇವೇ.

ಕೈಯಲ್ಲಿ ಏನಿರಬೇಕು

ಒಂದು ದಪ್ಪ ನೋಟ್‌ಬುಕ್. ಕೆಂಪು ಮುಚ್ಚಳದ 40 ಯೂನಿಟ್ ಸಿರಿಂಜ್, ಕಿತ್ತಳೆ ಮುಚ್ಚಳದ 100 ಯೂನಿಟ್ ಸಿರಿಂಜ್, ಒಂದು ಇನ್ಸುಲಿನ್ ಪೆನ್ನು, ಸಲೈನ್, ಚುಚ್ಚಿ ತೋರಿಸೋಕೆ ಸ್ಪಂಜಿನ ಪ್ಯಾಡ್. ಗ್ಲೂಕೋಮೀಟರ್, ಅದಕ್ಕೆ ಹೊಂದುವ ಸ್ಟ್ರಿಪ್, ಕಂಟ್ರೋಲ್ ಸಲ್ಯೂಷನ್ (ಮೀಟರ್ ಸರಿಯಿದೆಯಾ ಅಂತ ನೋಡುವ ದ್ರಾವಣ). ಸೂಜಿ ಹಾಕೋಕೆ ತೂತು ಬೀಳದ ಬಿಳಿ ಡಬ್ಬಿ; 2016ರ ಬಯೋಮೆಡಿಕಲ್ ತ್ಯಾಜ್ಯ ನಿಯಮದ ಪ್ರಕಾರ ಸೂಜಿಗಳ ಜಾಗ ಅದೇ. ಗ್ಲೂಕೋಸ್ ಪುಡಿ. ಇದನ್ನು ಮರೆಯುವವರೇ ಜಾಸ್ತಿ, ಏಕೆ ಬೇಕು ಅಂತ ಹಂತ 7ರಲ್ಲಿ ಹೇಳುತ್ತೇನೆ.

ಹಂತ 1: ಟೈಟಲ್ ಬಿಡಿ, ಮೊದಲು ಓಪಿಡಿಯಲ್ಲಿ ಕೂರಿ

ಜಿಲ್ಲಾ ಆಸ್ಪತ್ರೆಯ ಎನ್‌ಸಿಡಿ (ಸಕ್ಕರೆ, ಬಿಪಿಯಂಥ ಸೋಂಕಿಲ್ಲದ ಕಾಯಿಲೆಗಳ) ಕ್ಲಿನಿಕ್ಕೋ ತಾಲೂಕು ಆಸ್ಪತ್ರೆಯದ್ದೋ, ಎಲ್ಲಿ ಡೇಟಾ ತೆಗೆಯಬೇಕು ಅಂತಿದ್ದೀರೋ ಅಲ್ಲಿಗೆ ಕೆಲವು ಬೆಳಗ್ಗೆ ಹೋಗಿ ಸುಮ್ನೆ ಕೂರಿ. ಅಲ್ಲಿನ ಸಿಸ್ಟರ್‌ಗೆ, ಯೂನಿಟ್ ಡಾಕ್ಟರಿಗೆ ಹೇಳಿಯೇ ಕೂರಿ. ಯಾರನ್ನೂ ಪ್ರಶ್ನೆ ಕೇಳಬೇಡಿ, ಹೆಸರು ಬರೆದುಕೊಳ್ಳಬೇಡಿ.

ಏನು ನೋಡಬೇಕು? ಇನ್ಸುಲಿನ್ ತಗೊಳ್ಳುವವರು ದಿನಕ್ಕೆ ಎಷ್ಟು ಜನ ಬರುತ್ತಾರೆ. ವಯಲ್ಲಿನವರು (ಗಾಜಿನ ಬಾಟಲಿಯಿಂದ ಸಿರಿಂಜಿಗೆ ಎಳೆದುಕೊಳ್ಳುವವರು) ಎಷ್ಟು, ಪೆನ್ನಿನವರು ಎಷ್ಟು. ಸಂತೆ ದಿನ ಜನ ಹೆಚ್ಚೋ ಕಡಿಮೆಯೋ. ಡಾಕ್ಟರ್ ಮುಂದೆ ಒಬ್ಬ ರೋಗಿ ಎಷ್ಟು ಹೊತ್ತು ಕೂರುತ್ತಾರೆ. ಸೂಜಿ ಹೇಗೆ ಚುಚ್ಚಿಕೊಳ್ಳೋದು ಅಂತ ಯಾರಾದರೂ ತೋರಿಸಿಕೊಡುತ್ತಾರಾ, ಇಲ್ಲ ಔಷಧಿ ಕೌಂಟರಿನಲ್ಲೇ ಎಲ್ಲ ಮುಗಿಯುತ್ತಾ.

ಹೀಗೆ ಕೂತಾಗ ಊಟದ ವ್ಯತ್ಯಾಸವೂ ಗೊತ್ತಾಗುತ್ತೆ. ಅರಸೀಕೆರೆ, ಚನ್ನರಾಯಪಟ್ಟಣದ ಕಡೆಯವರು ಮುದ್ದೆಯ ಲೆಕ್ಕದಲ್ಲಿ ಮಾತಾಡುತ್ತಾರೆ. ಸಕಲೇಶಪುರ, ಮೂಡಿಗೆರೆಯವರದ್ದು ಅಕ್ಕಿ ರೊಟ್ಟಿ, ಕಡುಬು. ಎರಡು ಗುಂಪಿಗೂ "ನೀವು ದಿನಕ್ಕೆ ಎಷ್ಟು ಚಪಾತಿ ತಿನ್ನುತ್ತೀರಿ?" ಅಂತ ಕೇಳುವ ಪ್ರಶ್ನಾವಳಿಗಳನ್ನು ನೋಡಿದ್ದೇನೆ. ಬೇರೆ ರಾಜ್ಯದ ಪೇಪರಿನಿಂದ ಎತ್ತಿದ್ದು ಅಂತ ಮೊದಲ ಪುಟದಲ್ಲೇ ಗೊತ್ತಾಗುತ್ತೆ.

ಹಂತ 2: ಒಂದು ಪ್ರಶ್ನೆ, ಒಂದು ಮುಖ್ಯ ಅಳತೆ

ಈಗ ಒಂದು ವಾಕ್ಯ ಬರೆಯಿರಿ: "ಈ ಓಪಿಡಿಗೆ ಬರುವ, ಕನಿಷ್ಠ ಒಂದು ವರ್ಷದಿಂದ ತಾವೇ ಇನ್ಸುಲಿನ್ ಚುಚ್ಚಿಕೊಳ್ಳುತ್ತಿರುವ ವಯಸ್ಕರಲ್ಲಿ ಎಷ್ಟು ಜನರಿಗೆ ಚುಚ್ಚುವ ಜಾಗದಲ್ಲಿ ಗಂಟು ಇದೆ, ಜಾಗ ಬದಲಿಸದಿರುವುದಕ್ಕೂ ಅದಕ್ಕೂ ಸಂಬಂಧ ಇದೆಯಾ?" ಯಾರು, ಎಲ್ಲಿ, ಏನು ಅಳೆಯುತ್ತೇನೆ, ಮೂರೂ ಅದರಲ್ಲಿ ಇರಬೇಕು. ಇಷ್ಟು ಬರೆಯೋಕೆ ಆಗದಿದ್ದರೆ ಹಂತ 1ಕ್ಕೆ ವಾಪಸ್.

ಇಲ್ಲಿ ಆಗುವ ದೊಡ್ಡ ತಪ್ಪು, ಎಲ್ಲವನ್ನೂ ಅಳೆಯುವ ಆಸೆ. ಜ್ಞಾನ, ಮನೋಭಾವ, ಅಭ್ಯಾಸ, ಒತ್ತಡ, ಎಚ್‌ಬಿಎ1ಸಿ, ತೂಕ. ಆರು ಅಳತೆ ಇಟ್ಟುಕೊಂಡವರಿಗೆ ಆರೂ ಅರೆಬರೆ ಆಗುತ್ತೆ.

ಎಚ್‌ಬಿಎ1ಸಿ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು, ಯಾಕಂದ್ರೆ ಗೈಡ್‌ಗಳಿಗೂ ಅದರ ಮೇಲೆ ಮೋಹ. ಅದು ಸುಮಾರು ಎರಡು-ಮೂರು ತಿಂಗಳ ಸಕ್ಕರೆಯ ಸರಾಸರಿಯನ್ನು ತೋರಿಸುತ್ತೆ. ಇವತ್ತು ಪಾಠ ಹೇಳಿ, ಹದಿನೈದನೇ ದಿನಕ್ಕೆ ಎಚ್‌ಬಿಎ1ಸಿ ಮಾಡಿಸಿ "ಪರಿಣಾಮ ಇಲ್ಲ" ಅಂದರೆ ಅದು ಪಾಠದ ತಪ್ಪಲ್ಲ. ಮೂರು ತಿಂಗಳು ಕಾಯೋಕೆ ಆಗಲ್ಲ ಅಂದರೆ ಅದನ್ನು ಮುಖ್ಯ ಅಳತೆ ಮಾಡಬೇಡಿ. ಇನ್ನೊಂದು, ಕಬ್ಬಿಣದ ಕೊರತೆಯ ರಕ್ತಹೀನತೆ ಇದ್ದರೆ ಈ ಅಂಕಿ ನಿಜಕ್ಕಿಂತ ಹೆಚ್ಚಾಗಿ ಕಾಣಬಹುದು. ಇತ್ತೀಚೆಗೆ ರಕ್ತ ಹೋಗಿದ್ದರೆ, ರಕ್ತ ಹಾಕಿಸಿಕೊಂಡಿದ್ದರೆ ಕಡಿಮೆ ಕಾಣಬಹುದು. ನಮ್ಮ ಕಡೆ ಹೆಂಗಸರಲ್ಲಿ ರಕ್ತಹೀನತೆ ಕಡಿಮೆಯೇನಲ್ಲ, ಅಲ್ವಾ? ಹಿಮೋಗ್ಲೋಬಿನ್ ನೋಡದೆ ಎಚ್‌ಬಿಎ1ಸಿ ಮಾತ್ರ ಬರೆದುಕೊಂಡರೆ ಅರ್ಧ ಕಥೆ ಹೇಳಿದ ಹಾಗೆ.

ಹಂತ 3: ಟೂಲ್ (ಅಳೆಯುವ ಫಾರ್ಮ್) ತಯಾರಿ

ಅತಿ ಹೆಚ್ಚು ಸಮಯ ಇಲ್ಲಿ ಹಾಕಿ. ನನ್ನ ಮಾತು ಕೇಳುವುದಾದರೆ ಬಾಯಿಂದ ಬರುವ ಉತ್ತರಕ್ಕಿಂತ ಕೈ ಮಾಡುವ ಕೆಲಸ ನೋಡುವ ಚೆಕ್‌ಲಿಸ್ಟ್ ಮಾಡಿ. "ಜಾಗ ಬದಲಿಸುತ್ತೀರಾ?" ಅಂದರೆ ಎಲ್ಲರೂ "ಹೂಂ ಸಿಸ್ಟರ್" ಅನ್ನುತ್ತಾರೆ. "ಅಮ್ಮಾ, ನಿನ್ನೆ ಬೆಳಗ್ಗೆ ಎಲ್ಲಿ ಚುಚ್ಕೊಂಡ್ರಿ? ಮೊನ್ನೆ ಎಲ್ಲಿ? ಬೆರಳಿಟ್ಟು ತೋರಿಸಿ" ಅಂದರೆ ಬೆರಳು ಹೋಗಿ ಅದೇ ಜಾಗದ ಮೇಲೆ ಕೂರುತ್ತೆ. ಎರಡನೆಯದೇ ಡೇಟಾ.

ಚೆಕ್‌ಲಿಸ್ಟಿನಲ್ಲಿ ಇರಲೇಬೇಕಾದ ಸಾಲುಗಳು: ವಯಲ್ಲಿನ ಶಕ್ತಿಗೂ ಸಿರಿಂಜಿಗೂ ಹೊಂದಾಣಿಕೆ ಇದೆಯಾ, ಹಾಲಿನ ಹಾಗೆ ಮಸುಕಾದ ಇನ್ಸುಲಿನ್ ಆದರೆ ಅಂಗೈಯಲ್ಲಿ ನಿಧಾನಕ್ಕೆ ಉರುಳಿಸಿದರಾ ಇಲ್ಲ ಕುಲುಕಿಬಿಟ್ಟರಾ, ಗುಳ್ಳೆ ತೆಗೆದರಾ, ಡೋಸ್ ಸರಿಯಾಗಿ ಎಳೆದರಾ, ಹೊಕ್ಕುಳ ಬಿಟ್ಟು ದೂರ ಚುಚ್ಚಿದರಾ, ಹಿಂದಿನ ಜಾಗದಿಂದ ಕನಿಷ್ಠ 1 ಸೆಂ.ಮೀ. ಸರಿದರಾ, ಪೆನ್ನಾದರೆ ಒತ್ತಿದ ಮೇಲೆ ಹತ್ತರವರೆಗೆ ಎಣಿಸಿದರಾ, ಸೂಜಿಯನ್ನು ಎಷ್ಟು ಸಲ ಬಳಸುತ್ತಾರೆ, ಎಲ್ಲಿ ಬಿಸಾಡುತ್ತಾರೆ.

ಮೊದಲ ಸಾಲನ್ನು ಯಾವ ಕಾರಣಕ್ಕೂ ಬಿಡಬೇಡಿ. ನಮ್ಮಲ್ಲಿ ವಯಲ್ಲುಗಳು ಹೆಚ್ಚಾಗಿ ಒಂದು ಮಿಲಿಗೆ 40 ಯೂನಿಟ್, ಪೆನ್ನಿನ ಕಾರ್ಟ್ರಿಜ್ 100 ಯೂನಿಟ್. 40ರ ವಯಲ್ಲನ್ನು ಕಿತ್ತಳೆ ಮುಚ್ಚಳದ ಸಿರಿಂಜಿನಲ್ಲಿ 20ರ ಗೆರೆವರೆಗೆ ಎಳೆದರೆ ಒಳಗೆ ಹೋಗೋದು 8 ಯೂನಿಟ್ ಮಾತ್ರ. 100ರದ್ದನ್ನು ಕೆಂಪು ಮುಚ್ಚಳದ್ದರಲ್ಲಿ 20ಕ್ಕೆ ಎಳೆದರೆ 50 ಯೂನಿಟ್. ಮೊದಲನೆಯದರಲ್ಲಿ ಶುಗರ್ ಇಳಿಯಲ್ಲ, ಎರಡನೆಯದರಲ್ಲಿ ಮನುಷ್ಯನೇ ಬೀಳುತ್ತಾನೆ. ಮೆಡಿಕಲ್ ಶಾಪಿನಲ್ಲಿ ಕೊಟ್ಟ ಸಿರಿಂಜನ್ನು ನೋಡದೆ ತಗೊಂಡು ಬರುವವರಿಗೆ ಇದು ಗೊತ್ತೇ ಇರಲ್ಲ.

ಗಂಟು ನೋಡೋದನ್ನು ಡಾಕ್ಟರ್ ಹತ್ತಿರ ಅಥವಾ ಅನುಭವ ಇರುವ ಡಯಾಬಿಟಿಸ್ ಎಜುಕೇಟರ್ ಹತ್ತಿರ ಕಲಿಯಿರಿ. ಕಣ್ಣಿಗೆ ಕಾಣದ ಗಂಟೂ ಇರುತ್ತೆ, ಕೈಗೇ ಸಿಗಬೇಕು. ಕೈ ಬೆಚ್ಚಗಿರಲಿ, ಬೆಳಕು ಚೆನ್ನಾಗಿರಲಿ, ಬೆರಳ ತುದಿಯಿಂದ ಸುತ್ತಲೂ ಒತ್ತುತ್ತಾ ಬನ್ನಿ. ಮಾಮೂಲಿ ಚರ್ಮವನ್ನು ಚಿವುಟಿದರೆ ತೆಳ್ಳಗೆ ಬರುತ್ತೆ, ಗಂಟಿರುವ ಕಡೆ ಬರಲ್ಲ, ರಬ್ಬರಿನ ಹಾಗೆ ಇರುತ್ತೆ. ಪರದೆ ಇಲ್ಲದ ಕಡೆ ಈ ಪರೀಕ್ಷೆ ಮಾಡಲೇಬೇಡಿ. ಹೆಂಗಸರಿಗೆ ಹೆಣ್ಣು ಸಂಶೋಧಕಿ ಇರಲಿ, ಗಂಡಸರಿಗೂ ಒಬ್ಬ ಜೊತೆಗಾರರು ಇರಲಿ.

ಟೂಲ್ ಸರಿಯಾಗಿದೆಯಾ ಅಂತ ಪರೀಕ್ಷಿಸೋದು ಹೀಗೆ. ಆರೇಳು ತಜ್ಞರಿಗೆ ಕೊಡಿ: ಫಿಸಿಷಿಯನ್, ಮೆಡಿಕಲ್-ಸರ್ಜಿಕಲ್ ನರ್ಸಿಂಗ್ ಅಧ್ಯಾಪಕರು, ಸ್ಟಾಟಿಸ್ಟಿಷಿಯನ್, ಜೊತೆಗೆ ಒಬ್ಬ ಕನ್ನಡ ಮೇಷ್ಟ್ರು. ಪ್ರತಿ ಸಾಲಿನ ಕಂಟೆಂಟ್ ವ್ಯಾಲಿಡಿಟಿ ಸೂಚ್ಯಂಕ (ಆ ಸಾಲು ಸರಿ ಅಂದ ತಜ್ಞರ ಪಾಲು) 0.78ಕ್ಕಿಂತ ಕಡಿಮೆ ಬಂದರೆ ತಿದ್ದಿ ಅಥವಾ ಕಿತ್ತುಹಾಕಿ. ತಜ್ಞರು ಐದೋ ಅದಕ್ಕಿಂತ ಕಡಿಮೆಯೋ ಇದ್ದರೆ ಎಲ್ಲರೂ ಒಪ್ಪಲೇಬೇಕು. ರಿಲಯಬಿಲಿಟಿಗೆ (ಟೂಲನ್ನು ಎಷ್ಟು ನಂಬಬಹುದು ಅನ್ನೋದಕ್ಕೆ) ಎಲ್ಲರೂ ಕಣ್ಣು ಮುಚ್ಚಿ ಕ್ರಾನ್‌ಬ್ಯಾಕ್ ಆಲ್ಫಾ ಹಾಕುತ್ತಾರೆ. ಅದು ಒಪ್ಪುತ್ತೇನೆ-ಒಪ್ಪುವುದಿಲ್ಲ ತರಹದ ಸ್ಕೇಲಿಗೆ. ಸರಿ-ತಪ್ಪು ಉತ್ತರದ ಪೇಪರಿಗೆ ಕೆಆರ್-20 ಸೂತ್ರ. ಚೆಕ್‌ಲಿಸ್ಟಿಗೆ ಇಬ್ಬರು ಒಂದೇ ರೋಗಿಯನ್ನು ಬೇರೆ ಬೇರೆಯಾಗಿ ನೋಡಿ ಗುರುತು ಹಾಕಿ, ಕಪ್ಪಾ (ಇಬ್ಬರ ಗುರುತು ಎಷ್ಟು ಹೊಂದುತ್ತೆ ಅನ್ನೋ ಅಂಕಿ) ಲೆಕ್ಕ ಮಾಡಬೇಕು. ವೈವಾದಲ್ಲಿ ಇದೊಂದು ಪ್ರಶ್ನೆಗೇ ಎಷ್ಟೋ ಜನ ಸಿಕ್ಕಿಬೀಳುತ್ತಾರೆ.

ಬೇರೆಯವರ ಸ್ಕೇಲ್ ಬಳಸುವುದಾದರೆ ಅನುಮತಿಯ ಮೇಲ್ ಮೊದಲು ಬರಲಿ. ಕೆಲವು ಸ್ಕೇಲುಗಳಿಗೆ ಪರವಾನಗಿ ಬೇಕು, ದುಡ್ಡೂ ಕಟ್ಟಬೇಕು. ಕನ್ನಡಕ್ಕೆ ತಂದಮೇಲೆ, ಮೂಲ ನೋಡದ ಇನ್ನೊಬ್ಬರ ಕೈಲಿ ವಾಪಸ್ ಇಂಗ್ಲಿಷಿಗೆ ಮಾಡಿಸಿ ಹೋಲಿಸಿ. "ಹೈಪೋಗ್ಲೈಸೀಮಿಯಾ" ಅಂತ ಬರೆದರೆ ರೋಗಿಗೆ ತಿಳಿಯಲ್ಲ. "ಶುಗರ್ ಡೌನ್ ಆಗಿ ಬೆವರು, ನಡುಕ, ತಲೆಸುತ್ತು ಬಂದಿತ್ತಾ?" ಅಂದರೆ ತಕ್ಷಣ ಉತ್ತರ.

ಹಂತ 4: ಎಷ್ಟು ಜನ, ಯಾರು, ಯಾವ ತಿಂಗಳು

"ಸೀನಿಯರ್ 60 ತಗೊಂಡಿದ್ರು" ಅನ್ನೋದು ಲೆಕ್ಕ ಅಲ್ಲ. ಎಷ್ಟು ಜನರಲ್ಲಿ ಇದೆ ಅಂತ ನೋಡುವ ಅಧ್ಯಯನಕ್ಕೆ ಸೂತ್ರ ಸುಲಭ: 1.96ರ ವರ್ಗವನ್ನು ಹಿಂದಿನ ಅಧ್ಯಯನದ ಪ್ರಮಾಣದಿಂದಲೂ, ಒಂದರಲ್ಲಿ ಅದನ್ನು ಕಳೆದು ಉಳಿದದ್ದರಿಂದಲೂ ಗುಣಿಸಿ, ನೀವು ಒಪ್ಪುವ ದೋಷದ ವರ್ಗದಿಂದ ಭಾಗಿಸಿ. ಹಿಂದಿನ ಅಂಕಿ ಸಿಗದಿದ್ದರೆ ಶೇ. 50 ಇಟ್ಟುಕೊಳ್ಳಿ. ಶೇ. 10 ದೋಷಕ್ಕೆ 97 ಜನ ಬೇಕು, ಶೇ. 5ಕ್ಕೆ 385. ಹತ್ತರಲ್ಲಿ ಒಬ್ಬರು ಮಧ್ಯೆ ಬಿಡುತ್ತಾರೆ ಅಂದುಕೊಂಡರೆ 97 ಹೋಗಿ 108 ಆಗುತ್ತೆ. ಇಡೀ ಕ್ಲಿನಿಕ್ಕಿನ ರಿಜಿಸ್ಟರಿನಲ್ಲಿ ಇನ್ಸುಲಿನ್‌ನವರೇ 150 ಇದ್ದರೆ, ಸಣ್ಣ ಗುಂಪಿನ ತಿದ್ದುಪಡಿ ಹಾಕಿದ ಮೇಲೆ 97 ಇದ್ದದ್ದು 60ಕ್ಕೆ ಇಳಿಯುತ್ತೆ. ಆಗ 60 ಅನ್ನೋಕೆ ನಿಮ್ಮ ಹತ್ತಿರ ಕಾರಣ ಇರುತ್ತೆ.

ಬಂದವರನ್ನು ಬಂದಹಾಗೆ ತಗೊಂಡು "ರ‍್ಯಾಂಡಮ್" ಅಂತ ಬರೆಯಬೇಡಿ. ಅದು ಕನ್ವೀನಿಯನ್ಸ್ ಸ್ಯಾಂಪ್ಲಿಂಗ್, ಹಾಗೇ ಬರೆದರೆ ಯಾರೂ ಬೈಯಲ್ಲ. ಟೋಕನ್ ಪ್ರಕಾರ ಮೂರಕ್ಕೊಬ್ಬರನ್ನು ಕರೆದರೆ ಇನ್ನೂ ಒಳ್ಳೆಯದು.

ತಿಂಗಳ ವಿಷಯ ನಮ್ಮ ಕಡೆ ಬಹಳ ಮುಖ್ಯ. ನವೆಂಬರಿನಿಂದ ಫೆಬ್ರವರಿವರೆಗೆ ಕಾಫಿ ಕೊಯ್ಲು. ತೋಟದ ಕೆಲಸದವರು ಒಂದು ದಿನದ ಕೂಲಿ ಬಿಟ್ಟು ಓಪಿಡಿಗೆ ಬರಲ್ಲ, ಆ ತಿಂಗಳುಗಳಲ್ಲಿ ಮಾತ್ರ ಡೇಟಾ ತೆಗೆದರೆ ಅವರೇ ನಿಮ್ಮ ಲೆಕ್ಕದಿಂದ ಕಳಚಿಹೋಗುತ್ತಾರೆ. ಜುಲೈ ಮಳೆಯಲ್ಲಿ ಕಳಸ, ಮೂಡಿಗೆರೆ ಕಡೆಯ ಹಳ್ಳಿಯವರಿಗೆ ಬಸ್ಸಿನದೇ ಕಷ್ಟ. ಎರಡು ಕಾಲದಲ್ಲೂ ಸ್ವಲ್ಪ ಸ್ವಲ್ಪ ತೆಗೆಯೋಕೆ ಆಗುತ್ತಾ ನೋಡಿ. ಆಗದಿದ್ದರೆ ಮಿತಿ ಅಂತ ಬರೆಯಿರಿ.

ಹಂತ 5: ಅನುಮತಿ, ಇದೇ ಕ್ರಮದಲ್ಲಿ

ಗೈಡ್ ಸಹಿ, ಕಾಲೇಜಿನ ಸಂಶೋಧನಾ ಸಮಿತಿ, ಎಥಿಕ್ಸ್ ಕಮಿಟಿ, ಆಮೇಲೆ ಆಸ್ಪತ್ರೆಯ ಮೆಡಿಕಲ್ ಸೂಪರಿಂಟೆಂಡೆಂಟ್, ಕೊನೆಗೆ ಓಪಿಡಿ ನರ್ಸಿಂಗ್ ಇನ್‌ಚಾರ್ಜ್. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸಿನಾಪ್ಸಿಸ್ ಕಳಿಸುವ ಕೊನೆಯ ದಿನಾಂಕದಿಂದ ಹಿಂದಕ್ಕೆ ಎಣಿಸಿ ಕೆಲಸ ಶುರು ಮಾಡಿ. ಎಥಿಕ್ಸ್ ಕಮಿಟಿ ದಿನಾ ಸೇರಲ್ಲ.

ಡೇಟಾ ತೆಗೆದು ಆಮೇಲೆ ಎಥಿಕ್ಸ್ ಪತ್ರ ತರ್ತೀನಿ ಅನ್ನೋದು ನಡೆಯಲ್ಲ. ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ) 2017ರ ಮಾರ್ಗಸೂಚಿ ಓದಿ, ಒಪ್ಪಿಗೆ ಪತ್ರದ ಭಾಗವನ್ನಾದರೂ ಓದಿ. ಓದು ಬರದವರಿಂದ ಹೆಬ್ಬೆಟ್ಟು ತಗೊಳ್ಳಬಹುದು, ಆದರೆ ಪಕ್ಕದಲ್ಲಿ ನಿಮ್ಮ ತಂಡಕ್ಕೆ ಸೇರದ ಒಬ್ಬ ಸಾಕ್ಷಿಯ ಸಹಿ ಇರಬೇಕು. "ಬೇಡ ಅಂದರೂ ನಿಮ್ಮ ಚಿಕಿತ್ಸೆಗೆ ಏನೂ ತೊಂದರೆ ಇಲ್ಲ" ಅನ್ನುವ ಸಾಲನ್ನು ಬಾಯಲ್ಲಿ ಹೇಳಿ. ಬಿಳಿ ಕೋಟು ಕಂಡರೆ ಬೇಡ ಅನ್ನೋಕೆ ಜನ ಹೆದರುತ್ತಾರೆ.

ಪಾಠ ಹೇಳಿ ಪರಿಣಾಮ ನೋಡುವ ಅಧ್ಯಯನವಾದರೆ, ಮೊದಲ ರೋಗಿಯನ್ನು ಸೇರಿಸುವ ಮುಂಚೆಯೇ, ಇಂಥ ಪ್ರಯೋಗಗಳ ರಾಷ್ಟ್ರೀಯ ದಾಖಲಾತಿಯಾದ ಸಿಟಿಆರ್‌ಐನಲ್ಲಿ ನೋಂದಾಯಿಸಿ. ತಡವಾಗಿ ಹೋದರೆ ತಗೊಳ್ಳಲ್ಲ. ಇಂಥ ಅಧ್ಯಯನಕ್ಕೆ ಹೋಲಿಕೆಯ ಗುಂಪೂ ಬೇಕು. ಎರಡೂ ಗುಂಪು ಒಂದೇ ಬೆಂಚಿನಲ್ಲಿ ಕೂತರೆ ಪಾಠ ಅಲ್ಲಿಂದಿಲ್ಲಿಗೆ ಹರಿದುಹೋಗುತ್ತೆ. ಬೇರೆ ಬೇರೆ ತಾಲೂಕು ಆಸ್ಪತ್ರೆ ಹಿಡಿಯೋದು ಸುಲಭ.

ಹಂತ 6: ಪೈಲಟ್ (ಮುಂಚಿನ ಸಣ್ಣ ಪ್ರಯೋಗ)

ಮುಖ್ಯ ಸಂಖ್ಯೆಯ ಹತ್ತನೇ ಒಂದು ಭಾಗ ಸಾಕು. ಈ ಜನರನ್ನು ಮುಖ್ಯ ಅಧ್ಯಯನಕ್ಕೆ ಸೇರಿಸಬೇಡಿ. ಒಬ್ಬರಿಗೆ ಎಷ್ಟು ನಿಮಿಷ ಹಿಡಿಯುತ್ತೆ ಅಂತ ಗಡಿಯಾರ ನೋಡಿ. ಅರ್ಧ ಗಂಟೆ ದಾಟಿದರೆ ಟೂಲ್ ಉದ್ದವಾಗಿದೆ, ರೋಗಿಯ ಬಸ್ಸು ಹೋಗುತ್ತೆ, ಕೊನೆಯ ಪುಟಕ್ಕೆ ಏನೋ ಒಂದು ಉತ್ತರ ಹೇಳಿ ಎದ್ದುಬಿಡುತ್ತಾರೆ. ಎಲ್ಲರೂ ಒಂದೇ ಉತ್ತರ ಕೊಡುವ ಪ್ರಶ್ನೆಯನ್ನು ತೆಗೆದುಹಾಕಿ.

ಹಂತ 7: ಡೇಟಾ ತೆಗೆಯುವ ದಿನ

ಬಹಳಷ್ಟು ಜನ ಬೆಳಗಿನ ಡೋಸ್ ಮನೆಯಲ್ಲೇ ಹಾಕಿಕೊಂಡು ಬಂದಿರುತ್ತಾರೆ. ನೋಡೋಕೆ ಅಂತ ಇನ್ನೊಂದು ಡೋಸ್ ಹಾಕಿಸುವ ಹಾಗಿಲ್ಲ, ಯಾವ ಕಾರಣಕ್ಕೂ ಇಲ್ಲ. ಸಲೈನ್ ತುಂಬಿ, ಸ್ಪಂಜಿನ ಪ್ಯಾಡಿನ ಮೇಲೆ ಚುಚ್ಚಿ ತೋರಿಸಿ ಅನ್ನಿ. ನೋಡುವಾಗ ಮಧ್ಯೆ ತಿದ್ದಬೇಡಿ, ತಲೆ ಅಲ್ಲಾಡಿಸಬೇಡಿ. ಎಲ್ಲ ಗುರುತು ಹಾಕಿ ಮುಗಿದ ಮೇಲೆ ತಪ್ಪು ತೋರಿಸಿ, ಸರಿಯಾಗಿ ಮಾಡಿಸಿ ಕಳಿಸಿ. ತಪ್ಪು ಕಂಡೂ ಹಾಗೇ ಕಳಿಸೋದು ಸಂಶೋಧನೆಯಲ್ಲ.

ಗ್ಲೂಕೋಮೀಟರ್ ಬಳಸಿದರೆ ರೋಗಿ ಸೋಪು ನೀರಲ್ಲಿ ಕೈ ತೊಳೆದು ಒರೆಸಿಕೊಳ್ಳಲಿ. ಬಾಳೆಹಣ್ಣು ತಿಂದ ಕೈಯಲ್ಲಿ ಅಂಕಿ ಸುಮ್ನೆ ಏರುತ್ತೆ. ಬೆರಳ ಪಕ್ಕಕ್ಕೆ ಚುಚ್ಚಿ, ಹಿಂಡಬೇಡಿ. ಸ್ಟ್ರಿಪ್ ಡಬ್ಬಿಯ ಮುಚ್ಚಳ ತಕ್ಷಣ ಹಾಕಿ, ಮಲೆನಾಡಿನ ಮಳೆಗಾಲದ ತೇವ ಸ್ಟ್ರಿಪ್ಪುಗಳನ್ನು ಕೆಡಿಸುತ್ತೆ. ಇಡೀ ಅಧ್ಯಯನಕ್ಕೆ ಒಂದೇ ಮೀಟರ್ ಇರಲಿ.

ಈಗ ಅಪಾಯದ ಸೂಚನೆಗಳು. ಇವು ಕಂಡರೆ ಫಾರ್ಮ್ ಪಕ್ಕಕ್ಕಿಡಿ.

ಬೆವರು, ನಡುಕ, ತಡವರಿಸುವ ಮಾತು, ಅಥವಾ ಮೀಟರಿನಲ್ಲಿ 70ಕ್ಕಿಂತ ಕಡಿಮೆ: ಎಚ್ಚರ ಇದ್ದು ನುಂಗೋಕೆ ಆಗುವವರಿಗೆ ಸುಮಾರು 15 ಗ್ರಾಂ ಗ್ಲೂಕೋಸ್, ಅಂದರೆ ಮೂರು ಟೀ ಚಮಚ ಪುಡಿ, ನೀರಲ್ಲಿ ಕೊಡಿ. 15 ನಿಮಿಷ ಬಿಟ್ಟು ಮತ್ತೆ ನೋಡಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಡಾಕ್ಟರನ್ನು ಕೂಗಿ. ಗ್ಲೂಕೋಸ್ ಪುಡಿ ತರೋಕೆ ಹೇಳಿದ್ದು ಇದಕ್ಕೇ. ಓಪಿಡಿಯಲ್ಲಿ ಖಾಲಿ ಹೊಟ್ಟೆಯಲ್ಲಿ ಕ್ಯೂ ನಿಂತವರಿಗೆ ಇದು ಅಪರೂಪವಲ್ಲ.

ಶುಗರ್ 300ರ ಆಚೆ ಇದ್ದು ವಾಂತಿ, ಹೊಟ್ಟೆನೋವು, ಏದುಸಿರು, ಉಸಿರಿನಲ್ಲಿ ಹಣ್ಣಿನ ವಾಸನೆ ಇದ್ದರೆ ಕೂಡಲೇ ಕ್ಯಾಶುಯಲ್ಟಿ. ಪಾದ ಕೆಂಪಾಗಿ ಬಿಸಿಯಾಗಿ ಊದಿದ್ದರೆ, ಹುಣ್ಣು ಇದ್ದರೆ, ಅದೇ ದಿನ ಡಾಕ್ಟರಿಗೆ ತೋರಿಸಿ.

ಕೊನೆಯದನ್ನು ಬಹಳ ಜನ ಯೋಚಿಸಿಯೇ ಇರಲ್ಲ. ಗಂಟಿನೊಳಗೆ ಚುಚ್ಚಿದ ಇನ್ಸುಲಿನ್ ಸರಿಯಾಗಿ ಹೀರಿಕೊಳ್ಳಲ್ಲ, ಹಾಗಾಗಿ ಡಾಕ್ಟರ್ ಡೋಸ್ ಏರಿಸುತ್ತಾ ಹೋಗಿರುತ್ತಾರೆ. ನೀವು "ಇವತ್ತಿಂದ ಜಾಗ ಬದಲಿಸಿ" ಅಂದುಬಿಟ್ಟರೆ, ಅದೇ ದೊಡ್ಡ ಡೋಸ್ ಒಳ್ಳೆ ಚರ್ಮದಲ್ಲಿ ಪೂರ್ತಿ ಕೆಲಸ ಮಾಡಿ ಶುಗರ್ ದಿಢೀರ್ ಇಳಿಯಬಹುದು. ಗಂಟು ಸಿಕ್ಕಿದ ಪ್ರತಿಯೊಬ್ಬರನ್ನೂ ಡಾಕ್ಟರಿಗೆ ತೋರಿಸಿ, ಡೋಸ್ ವಿಚಾರ ಅವರೇ ಹೇಳಿದ ಮೇಲೆ ಜಾಗ ಬದಲಿಸಲಿ. ಈ ಸಾಲನ್ನು ಎಥಿಕ್ಸ್ ಅರ್ಜಿಯಲ್ಲೂ ಬರೆಯಿರಿ.

ಹಂತ 8: ಲೆಕ್ಕ

ಅವತ್ತಿನ ಫಾರ್ಮ್ ಅವತ್ತೇ ಕಂಪ್ಯೂಟರಿಗೆ. ಹೆಸರಿನ ಬದಲು ಕೋಡ್, ಹೆಸರಿನ ಪಟ್ಟಿ ಬೇರೆ ಬೀಗದಲ್ಲಿ. ಉತ್ತರ ಇಲ್ಲದ ಕಡೆ 99 ಅಂತ ತುಂಬಿ ಮರೆತರೆ ಸರಾಸರಿ ವಯಸ್ಸು ವಿಚಿತ್ರವಾಗಿ ಬರುತ್ತೆ, ಖಾಲಿ ಬಿಡಿ.

ಗಂಟು ಇದೆ-ಇಲ್ಲ, ಜಾಗ ಬದಲಿಸುತ್ತಾರೆ-ಇಲ್ಲ, ಇದಕ್ಕೆ ಕೈ-ಸ್ಕ್ವೇರ್ (ಎರಡರ ನಡುವೆ ಸಂಬಂಧ ಇದೆಯಾ ಅಂತ ನೋಡುವ ಲೆಕ್ಕ). ಟೇಬಲ್ಲಿನ ಯಾವುದಾದರೂ ಚೌಕದಲ್ಲಿ ನಿರೀಕ್ಷಿತ ಸಂಖ್ಯೆ 5ಕ್ಕಿಂತ ಕಡಿಮೆ ಇದ್ದರೆ ಫಿಶರ್ ಪರೀಕ್ಷೆ. ಲಿಂಗ, ಧರ್ಮ, ಆದಾಯ, ಓದು ಅಂತ ಹದಿನೈದು ವಿಷಯಕ್ಕೆ ಕೈ-ಸ್ಕ್ವೇರ್ ಹಾಕಿ, ಒಂದರಲ್ಲಿ ಪಿ-ಮೌಲ್ಯ 0.05ಕ್ಕಿಂತ ಕಡಿಮೆ ಬಂದರೆ ಹಿಗ್ಗಬೇಡಿ. ಅಷ್ಟು ಸಲ ಹಾಕಿದರೆ ಒಂದಾದರೂ ಆಕಸ್ಮಿಕವಾಗಿಯೇ ಬರಬಹುದು.

ಹಂತ 9: ಬರೆಯುವಾಗ, ವೈವಾಗೆ ಹೋಗುವಾಗ

ಒಂದೇ ದಿನ ನೋಡಿದ ಅಧ್ಯಯನದಿಂದ "ಜಾಗ ಬದಲಿಸದ ಕಾರಣ ಗಂಟಾಯಿತು" ಅಂತ ಬರೆಯಬೇಡಿ, "ಜೊತೆಗೆ ಕಂಡುಬಂತು" ಅನ್ನಿ. ಸಂಬಂಧ ಸಿಗದಿದ್ದರೂ ಅದು ಫಲಿತಾಂಶವೇ, ಟೇಬಲ್ ತೆಗೆಯಬೇಡಿ. ಒಪ್ಪದವರು ಎಷ್ಟು, ಮಧ್ಯೆ ಬಿಟ್ಟವರು ಎಷ್ಟು ಅಂತ ಬರೆಯಿರಿ. ವರದಿಯಲ್ಲಿ ಏನೇನಿರಬೇಕು ಅಂತ ಹೇಳುವ ಸ್ಟ್ರೋಬ್ ಚೆಕ್‌ಲಿಸ್ಟ್ ಪಕ್ಕದಲ್ಲಿಟ್ಟುಕೊಂಡರೆ ಏನೂ ಬಿಟ್ಟುಹೋಗಲ್ಲ.

ವೈವಾಗೆ ಆ ಎರಡು ಸಿರಿಂಜ್ ಜೇಬಲ್ಲಿರಲಿ. ಪರೀಕ್ಷಕರು ಚೆಕ್‌ಲಿಸ್ಟಿನ ಮೊದಲ ಸಾಲು ಯಾಕೆ ಅಂತ ಕೇಳಿದರೆ ಮುಚ್ಚಳ ತೆಗೆದು ಗೆರೆ ತೋರಿಸಿ. ಆಮೇಲೆ ಒಂದು ಪುಟದ ಕನ್ನಡ ಸಾರಾಂಶ ಮಾಡಿ ಓಪಿಡಿಯ ಸಿಸ್ಟರ್ ಕೈಗೆ ಕೊಡಿ, ಮುಂದಿನ ಬ್ಯಾಚಿನವರು ಅಲ್ಲಿ ಹೋಗಿ ಕೂರಬೇಕಲ್ಲ.